ಹಲಗೆ ಬಡಿದರೆ ಊರು ಖಾಲಿ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗೀಗ ರಾಯಚೂರಿನ ನನ್ನ ಮನೆಗೆ ಬರುತ್ತಾರೆ. ಚಹಾ ಮುಗಿಯುತ್ತಲೇ ಎಲ್ಲರದೂ ಒಂದೇ ಪ್ರಶ್ನೆ. “ಸರ್, ನಿಮ್ಮ ಕಾಲದಾಗ ಜೀಪಿಲ್ಲ, ಫೋನಿಲ್ಲ, ಔಷಧಾನೂ ಅಷ್ಟಕ್ಕಷ್ಟ. ಹ್ಯಾಂಗ ಕೆಲಸಾ ಮಾಡಿದ್ರಿ?” “ಬಾಯಿ ಇತ್ತಲ್ಲಪ್ಪಾ” ಎನ್ನುತ್ತೇನೆ. ಮುದುಕ ಚೇಷ್ಟೆ ಮಾಡುತ್ತಾನೆಂದು ಅವರು ನಗುತ್ತಾರೆ. ನಾನು ಚೇಷ್ಟೆ ಮಾಡುತ್ತಿಲ್ಲ. ನನ್ನ ಕೆಲಸಕ್ಕೆ ಕಾಗದದ ಮೇಲೆ ಸೂಜಿಮದ್ದು ಹಾಕುವುದು ಎಂದು ಹೆಸರು. ನಿಜವಾಗಿ ನಾನು ಮಾಡಿದ್ದು ಮಾತು ಮುಟ್ಟಿಸುವ ಕೆಲಸ. ಮಾತು ಮುಟ್ಟಿದ ಊರಿನಲ್ಲಿ ಜನ ತಾವೇ ತೋಳು ಚಾಚುತ್ತಿದ್ದರು. ಮುಟ್ಟದ ಊರಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬಡ್ತಿ, ವರ್ಗ, ಪೆನ್ಶನ್ನಿನ ಗೋಳು ಇಲ್ಲಿ ಹೇಳುವುದಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ. ನಾನು ಹೇಳಬೇಕಾದದ್ದು ನಲವತ್ತರ ದಶಕದ ಮಾತು. ಜಗತ್ತಿನಲ್ಲಿ ದೊಡ್ಡ ಲಡಾಯಿ ನಡೆದಿತ್ತು, ರಾಯಚೂರಿನಲ್ಲಿ ನಿಜಾಮರ ಸರಕಾರವಿತ್ತು, ನನಗೆ ಆಗಷ್ಟೇ ಮೀಸೆ ಬಂದಿತ್ತು.

ಊರು ಕಲ್ಮಲ. ಕೂಲಿನಾಲಿ ಮಾಡುವ ಮನೆತನ. ಅಲಾಯಿ ಹಬ್ಬದಲ್ಲಿ, ಎಂದರೆ ಮೊಹರಮ್ಮಿನಲ್ಲಿ, ಹೊತ್ತ ಹರಕೆಯ ಮಗನೆಂದು ಅಪ್ಪ ನನಗೆ ಹುಸೇನಪ್ಪ ಎಂದು ಹೆಸರಿಟ್ಟ. ಹೊಲದ ಕೆಲಸ ತಪ್ಪಿಸಿ ರಾಯಚೂರಿಗೆ ಕಳಿಸಿ ಉರ್ದು ಶಾಲೆ ಓದಿಸಿದ. ಉರ್ದು ಬಂದವನಿಗೆ ನೌಕರಿ ಎಂಬ ಕಾಲ ಅದು. ನನಗೆ ಸಿಕ್ಕಿದ್ದು ಸಿಡುಬಿನ ಚುಚ್ಚುಮದ್ದು ಹಾಕುವ ನೌಕರಿ. ನಮ್ಮವ್ವ ಊರೆಲ್ಲ ತಿರುಗಿ “ನನ ಮಗ ಡಾಕ್ಟರಾಗ್ಯಾನ” ಎಂದು ಸಾರಿಬಂದಳು. ಅವಳ ಬಾಯಿ ಮುಚ್ಚಿಸಲು ನಾನೂ ಬಹಳ ಪ್ರಯತ್ನ ಮಾಡಲಿಲ್ಲ.

ನನ್ನ ಮೇಲಿನವರು ಹೈದರಾಬಾದಿನಿಂದ ಬಂದ ಒಬ್ಬ ಡಾಕ್ಟರ್ ಸಾಹೇಬರು. ಹೆಸರು ಬೇಡ, ಸಾಹೇಬರು ಎಂದರೆ ಸಾಕು. ಬಹಳ ದೊಡ್ಡ ಮನಸ್ಸಿನವರು. ಬಿಸಿಲಿನಲ್ಲಿ ಬಂದ ಜವಾನನಿಗೆ ತಮ್ಮ ಕೈಯಿಂದ ನೀರು ಕೊಡುತ್ತಿದ್ದರು. ಅವರಿಗಿದ್ದ ಒಂದೇ ಚಟ ಉರ್ದು. ಹುಕುಂ ಬರೆಯಲು ಕುಳಿತರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಹುಕ್ಕಾ ಆರಿಹೋಗುತ್ತಿತ್ತು. ಓದಿದರೆ ಅತ್ತರು ಹಚ್ಚಿಕೊಂಡ ಹಾಗೆ ಅನ್ನಿಸುತ್ತಿತ್ತು, ಏನು ಮಾಡಬೇಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಅಂಥದೊಂದು ಹುಕುಮನ್ನು ಕೈಗೆ ಕೊಟ್ಟು ನನ್ನನ್ನು ದೇವದುರ್ಗಕ್ಕೆ ಕಳಿಸಿದರು. ಸಂತೆಯ ನಡುವೆ ನಿಂತು ಗಟ್ಟಿಯಾಗಿ ಓದಬೇಕು, ಜನ ಮಕ್ಕಳನ್ನು ಕರೆತಂದು ಚುಚ್ಚಿಸಿಕೊಳ್ಳಬೇಕು, ಅದು ಲೆಕ್ಕಾಚಾರ. ನಾನು ಜೋಳದ ರಾಶಿಗಳ ನಡುವೆ ಒಂದು ಕಲ್ಲು ಹತ್ತಿ ಓದಿದೆ. ಏರಿಳಿತ ಕೊಟ್ಟು, ಕೈ ಆಡಿಸಿ ಓದಿದೆ. ಮೆಣಸಿನಕಾಯಿ ಮಾರುವವನೊಬ್ಬ ಪಕ್ಕದವನನ್ನು ಕೇಳಿದ.

“ಏನಂತೋ?”

“ನವಾಬರ ಮನ್ಯಾಗ ಲಗ್ನ ಅದ ಕಾಣಸ್ತದ. ಬಾಳ ಚಂದ ಓದಾಕತ್ತಾನ.”

ಓದಿ ಮುಗಿಸಿದಾಗ ನಾಲ್ಕು ಜನ “ಬಲೇ” ಎಂದರು. ಒಬ್ಬಳು ಮುದುಕಿ ಎರಡೂ ಕೈಯಿಂದ ದೃಷ್ಟಿ ನಿವಾಳಿಸಿದಳು. ಚುಚ್ಚಿಸಿಕೊಳ್ಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಜನರಿಗೆ ಹುಕುಂ ಹೇಗನ್ನಿಸಿತು ಎಂದು ಸಾಹೇಬರು ಕೇಳಿದರು. “ಬಹಳ ಮೆಚ್ಚಿಕೊಂಡರು ಹುಜೂರ್” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುಂದಿನ ಸಂತೆಗೆ ಹುಕುಮನ್ನು ಮಡಚಿ ಜೇಬಿಗೆ ಹಾಕಿ ಕನ್ನಡದಲ್ಲಿ ಕೂಗಿ ಹೇಳಿದೆ. ಜನ ಬಂದರು. ಆಹಾ, ಗೆದ್ದೆ ಎಂದುಕೊಂಡೆ. ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ತಿಳಿಯುವಂತೆ ಹೇಳಿದ ಹಾಗಾಗುವುದಿಲ್ಲ ಎಂಬ ಪಾಠ ಇನ್ನೂ ಬಾಕಿ ಇತ್ತು. ಅದನ್ನು ಕಲಿಸಿದವಳು ದೇವದುರ್ಗದ ಬಸಮ್ಮ.

ಬಸಮ್ಮನ ಮಗುವಿನ ತೋಳಿಗೆ ನಾನೇ ಮದ್ದು ಹಾಕಿದ್ದೆ. ಮುಂದಿನ ವಾರ ಅದೇ ಓಣಿಗೆ ಹೋದರೆ ಅವಳ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ನಮ್ಮ ಕಡೆ ಸಿಡುಬನ್ನು ರೋಗ ಎನ್ನುತ್ತಿರಲಿಲ್ಲ. ಅವ್ವ ಬಂದಳು ಎನ್ನುತ್ತಿದ್ದರು. ಅವ್ವ ಬಂದ ಮನೆಗೆ ಬೇವು ಕಟ್ಟಬೇಕು, ಒಳಗೆ ಒಗ್ಗರಣೆ ಹಾಕಬಾರದು, ಹೊರಗಿನವರು ಕಾಲಿಡಬಾರದು. ನಾನು ಹಾಕಿದ ಮದ್ದಿನಿಂದ ಮಗುವಿಗೆ ಜ್ವರ ಬಂದು ತೋಳಿನಲ್ಲಿ ಬೊಕ್ಕೆ ಎದ್ದಿತ್ತು. ಮದ್ದು ನೆಟ್ಟಗೆ ಹತ್ತಿದ್ದರ ಗುರುತು ಅದು. ಬಸಮ್ಮನಿಗೆ ಅದನ್ನು ಯಾರು ಹೇಳಿದ್ದರು? ಅವಳು ಒನಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಬಂದ್ಯಾ ಸೂಜಿಯಪ್ಪಾ! ನಮ್ಮನಿಗೆ ಅವ್ವನ್ನ ಕರಕೊಂಡು ಬಂದವನ ನೀನು!”

ಇದು ಅವ್ವನಲ್ಲ, ಮದ್ದಿನ ಗುಣ ಎಂದು ತಿಳಿಸಿ ಹೇಳು ಎಂಬುದು ಇಲಾಖೆಯ ಪಾಠ. ಒನಕೆ ಹಿಡಿದ ತಾಯಿಯ ಮುಂದೆ ಆ ಪಾಠ ನಡೆಯುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ಹೌದು ಯವ್ವಾ, ನಾನ ಕರದೀನಿ. ಸಣ್ಣಾಕಿನ್ನ ಕರದೀನಿ, ದೊಡ್ಡಾಕಿ ಬರಬಾರದಂತ. ಸಣ್ಣಾಕಿ ಒಳಗ ಕುಂತಾಳಂದ್ರ ದೊಡ್ಡಾಕಿ ಬಾಗಲದಾಗ ನೋಡಿ ಹೊಳ್ಳಿ ಹೋಗತಾಳ.”

ಒನಕೆ ನೆಲಕ್ಕಿಳಿಯಿತು. “ಸಣ್ಣಾಕಿ ಎಷ್ಟು ದಿನ ಇರತಾಳ?”

“ಇನ್ನೊಂದು ವಾರ. ಬೊಕ್ಕಿ ಒಣಗಿ ಉದರತದ, ಜ್ವರ ನಾಳಿಗೇ ಇಳೀತದ. ತೋಳಿನ್ಯಾಗ ಒಂದು ಕಲಿ ಉಳೀತದ. ಆಕಿ ಬಂದು ಹೋದ ಗುರ್ತು ಅದು.”

“ಇದನ್ನ ಚುಚ್ಚೂಕಿಂತ ಮೊದಲ ಹೇಳಾಕ ಏನಾಗಿತ್ತೋ ನಿನಗ? ಬಾಯಾಗ ಹುಗ್ಗಿ ಇಟ್ಟುಕೊಂಡಿದ್ಯೇನು?”

ನನ್ನ ಇಡೀ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಇಷ್ಟು ಸರಿಯಾಗಿ ನನ್ನನ್ನು ಬೈದಿಲ್ಲ. ಇವತ್ತು ಏನು ಮಾಡುತ್ತೇನೆ ಎಂದು ಹೇಳಿದರೆ ಸಾಲದು. ನಾಳೆ ಏನಾಗುತ್ತದೆ ಎಂದೂ ಇವತ್ತೇ ಹೇಳಬೇಕು. ಹೇಳಿದರೆ ನಾಳೆಯ ಜ್ವರ ನನ್ನ ಸಾಕ್ಷಿಯಾಗುತ್ತದೆ, ಹೇಳದಿದ್ದರೆ ಅದೇ ಜ್ವರ ನನ್ನ ಮೇಲೆ ಒನಕೆ ಎತ್ತುತ್ತದೆ. ಸಣ್ಣಾಕಿಯ ಮಾತು ನನಗಿಂತ ಮೊದಲೇ ಊರೂರು ತಿರುಗಿತು. ನಾನು ಹೋದಲ್ಲೆಲ್ಲ “ಸಣ್ಣಾಕಿನ್ನ ಕರಿಯಾವ ಬಂದ” ಎಂದು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರು. ದೇವದುರ್ಗದಲ್ಲಿ ಆ ವರ್ಷ ತಂದ ಮದ್ದೆಲ್ಲ ಮುಗಿದು ರಾಯಚೂರಿನಿಂದ ಮತ್ತೆ ತರಿಸಬೇಕಾಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇನ್ನು ಚೀಕಲಪರ್ವಿಯ ಮಾತು. ಇದನ್ನು ಹೇಳಲಿಕ್ಕೆಂದೇ ಕುಳಿತವನು ನಾನು.

ಚೀಕಲಪರ್ವಿ ಮಾನವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಊರು. ನನ್ನ ಒಬ್ಬಳೇ ಅಕ್ಕ ದ್ಯಾವಮ್ಮನನ್ನು ಅಲ್ಲಿಗೆ ಕೊಟ್ಟಿದ್ದೆವು. ಅವಳ ಗಂಡನ ಮನೆಯವರು ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಜತೆಗೆ ತುಂಡು ಹೊಲವಿತ್ತು. ಅಕ್ಕನಿಗೆ ಎರಡು ಸಣ್ಣ ಕೂಸು. ಮನೆಯ ಯಜಮಾನಿಕೆ ಅವಳ ಅತ್ತೆ ಈರಮ್ಮನದು. ಮನೆಯದೇನು, ಇಡೀ ದಂಡೆಯದೂ ಆಕೆಯದೇ ಎನ್ನಬೇಕು. ಆಕೆ ಕೆಮ್ಮಿದರೆ ಹರಗೋಲು ನಿಲ್ಲುತ್ತಿತ್ತು.

ಆ ವರ್ಷ ಮುಂಗಾರಿನ ಮೊದಲ ನೀರಿನೊಂದಿಗೆ ಹೊಳೆಯ ಆಚೆ ದಂಡೆಯ ಊರುಗಳಲ್ಲಿ ಕಾಲರಾ ಎದ್ದಿತು. ಆಗ ಹೊಳೆಯೇ ಗಡಿ. ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ಲಿಷರ ಮದ್ರಾಸಿನದು. ದಂಡೆಯ ಊರುಗಳ ಜನಕ್ಕೆಲ್ಲ ಬೇಗ ಸೂಜಿ ಹಾಕಬೇಕು, ಬಾವಿಗಳಿಗೆ ಔಷಧ ಬಿಡಬೇಕು ಎಂದು ಹುಕುಂ ಬಂತು. ಸಾಹೇಬರು ತಾವೇ ಮಾನವಿಗೆ ಬಂದು ಬಂಗಲೆಯಲ್ಲಿ ಇಳಿದುಕೊಂಡರು.

ಇಂಥ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಹಿಂದಿನ ದಿನ ಕಚೇರಿಯಿಂದ ಊರಿನಲ್ಲಿ ಹಲಗೆ, ಎಂದರೆ ತಮಟೆ, ಬಡಿಸಿ, “ನಾಳಿ ಸರಕಾರದ ಮಂದಿ ಬರತಾರ, ಎಲ್ಲಾರೂ ಚಾವಡಿ ಮುಂದ ಹಾಜರಿರಬೇಕು” ಎಂದು ಸಾರಿಸುವುದು. ಮರುದಿನ ನಮ್ಮ ತಂಡ ಹೋಗುವುದು. ಯಾವ ಮನೆಯೂ ತಪ್ಪಬಾರದೆಂದು ಸಾಹೇಬರು ಕಂದಾಯ ಖಾತೆಯ ಗಿರ್ದಾವರನನ್ನೂ ಜತೆಗೆ ಕರೆದುಕೊಂಡರು. ಮನೆಮನೆಯ ಗುರುತಿದ್ದ ಮನುಷ್ಯ. ಎಲ್ಲ ಬಲು ಅಚ್ಚುಕಟ್ಟಾಗಿತ್ತು.

ಹೋದರೆ ಊರು ಖಾಲಿ. ಒಲೆಗಳಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಕೋಳಿ ಓಡಾಡುತ್ತಿದ್ದವು, ಎರಡು ನಾಯಿ ಬೊಗಳಿದವು, ಮನುಷ್ಯ ಪ್ರಾಣಿ ಇಲ್ಲ. ನಮ್ಮಕ್ಕನ ಮನೆಗೂ ಬೀಗ. ಗಿರ್ದಾವರ ಮೀಸೆ ತಿರುವಿ, “ಇವರಿಗೆ ಅಂಜಿಕಿ ಸಾಲದು” ಎಂದ. ಎರಡನೆಯ ಸಲ ಹಾಜರಾಗದವರಿಗೆ ಜುಲ್ಮಾನೆ ಎಂದು ಸೇರಿಸಿ ಹಲಗೆಯನ್ನು ಇನ್ನೂ ಜೋರಾಗಿ ಬಡಿಸಿದರು. ಊರು ಇನ್ನೂ ಬೇಗ ಖಾಲಿಯಾಗಿತ್ತು.

ಬೀದಿ ಕೊನೆಯ ಗುಡಿಸಲಲ್ಲಿ ಏಳಲಾರದ ಮುದುಕನೊಬ್ಬ ಮಲಗಿದ್ದ. ಅವನ ಪಕ್ಕ ಕುಳಿತು ಕೇಳಿದೆ. “ಯಜ್ಜಾ, ಮಂದಿ ಎಲ್ಲಿ ಹೋಗ್ಯಾರ? ಯಾಕ ಹೋಗ್ಯಾರ?”

“ಹಲಗಿ ಬಡಿದ್ರಲ್ಲೋ ತಮ್ಮಾ. ಲೇವಿ ಮಂದಿ ಬಂದ್ರಂತ ಹೊಳಿ ದಾಟ್ಯಾರ. ಆ ದಂಡಿಗಿ ನಿಜಾಮನ ಹುಕುಂ ನಡಿಯಂಗಿಲ್ಲ. ನನ್ನ ಹೊರಾವ ಯಾರದಾರ, ಬಿಟ್ಟು ಹೋದ್ರು.”

ಲೇವಿ ಎಂದರೆ ಲಡಾಯಿ ಕಾಲದ ದವಸ ವಸೂಲಿ. ರೈತ ಬೆಳೆದ ಜೋಳದಲ್ಲಿ ಇಷ್ಟು ಪಾಲು ಸರಕಾರ ಹೇಳಿದ ದರಕ್ಕೆ ಕೊಡಲೇಬೇಕು. ಜನ ಮಕ್ಕಳ ಹೊಟ್ಟೆಗೆಂದು ಅಂಗಳದ ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ನಾಲ್ಕು ಸೇರು ಮುಚ್ಚಿಡುತ್ತಿದ್ದರು. ಲೇವಿಗೆ ಮುಂಚೆಯೂ ಇದೇ ಹಲಗೆ, ಇದೇ “ಹಾಜರಿರಬೇಕು” ಎಂಬ ಮಾತು. ಮರುದಿನ ಕಬ್ಬಿಣದ ಸಲಾಕೆಯಿಂದ ಅಂಗಳ ಚುಚ್ಚುತ್ತ ಬರುತ್ತಿದ್ದವನು ಇದೇ ಗಿರ್ದಾವರ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಾಳಿನ ಜಾಗ ತೋರಿಸು ಎಂದು ಹಿಡಿದು ಬಡಿಯಲು ಯಾರೂ ಸಿಗುವುದಿಲ್ಲವಲ್ಲ, ಅದಕ್ಕೇ ಊರಿಗೆ ಊರೇ ಹರಗೋಲು ಹತ್ತಿ ದಾಟುತ್ತಿತ್ತು.

ನಾನು ಹೊಳೆಯ ಕಡೆ ಓಡಿದೆ. ಊರಿನ ಹರಗೋಲುಗಳೆಲ್ಲ ಆಚೆ ದಂಡೆಯಲ್ಲಿ ಬೋರಲು ಬಿದ್ದಿದ್ದವು. ಜಾಲಿ ಮರಗಳ ಕೆಳಗೆ ಅಡುಗೆಯ ಹೊಗೆ ಏಳುತ್ತಿತ್ತು. ರೋಗ ಇದ್ದದ್ದು ಆ ದಂಡೆಯಲ್ಲಿ. ರೋಗದಿಂದ ಉಳಿಸಲು ನಾವು ಹಲಗೆ ಬಡಿಸುತ್ತಿದ್ದೆವು, ಆ ಹಲಗೆ ಕೇಳಿ ಜನ ರೋಗದ ಬಾಯಿಗೇ ಓಡುತ್ತಿದ್ದರು. ಅವರ ನಡುವೆ ಎಲ್ಲೋ ನನ್ನಕ್ಕ ಎರಡು ಕೂಸು ಕಟ್ಟಿಕೊಂಡು ಆ ಊರಿನ ನೀರು ಕುಡಿಯುತ್ತ ಕುಳಿತಿದ್ದಳು. ನನಗೆ ಅಂಜಿಕೆ ಆಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಸಂಜೆ ಮಾನವಿ ಬಂಗಲೆಯಲ್ಲಿ ಸಾಹೇಬರ ಮುಂದೆ ನಿಂತೆವು. ಗಿರ್ದಾವರನ ಸಲಹೆ ಆಗಲೇ ತಯಾರಾಗಿತ್ತು. ಮೊದಲು ಜವಾನರನ್ನು ಕಳಿಸಿ ಹರಗೋಲು ಜಪ್ತು ಮಾಡುವುದು, ಆಮೇಲೆ ಹಲಗೆ ಬಡಿಸುವುದು. ಸಾಹೇಬರು ತಲೆಯಾಡಿಸುತ್ತಿದ್ದರು. ಹರಗೋಲು ಹಿಡಿದರೆ ಜನ ರಾತ್ರಿಯೇ ಈಜಿ ದಾಟುತ್ತಾರೆ, ಇಲ್ಲವೇ ಕೂಸುಗಳೊಂದಿಗೆ ಮುಳುಗುತ್ತಾರೆ ಎಂದು ನನಗೆ ಗೊತ್ತಿತ್ತು. ಓದಲು ಬಂದರೂ ಸಾಹೇಬರ ಹಾಗೆ ಉರ್ದು ಮಾತಾಡಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ರಾಯಚೂರು ಬಜಾರಿನ ಮಾತು. ಅದರಲ್ಲೇ ಹೇಳಿದೆ.

“ಹುಜೂರ್, ಗಿರ್ದಾವರ್ ಸಾಬ್ ಆಯೇ ತೋ ಲೋಗಾಂ ಭಾಗ್‌ತೇ. ಭಾಗೇ ತೋ ಮರ್‌ತೇ.”

ಗಿರ್ದಾವರ ಸಾಹೇಬರು ಬಂದರೆ ಜನ ಓಡುತ್ತಾರೆ, ಓಡಿದರೆ ಸಾಯುತ್ತಾರೆ. ಅಷ್ಟೇ. ಗಿರ್ದಾವರ ನನ್ನ ಮೊಳಕೈ ತಾಗುವಷ್ಟು ಹತ್ತಿರ ನಿಂತಿದ್ದ. ಅವನ ಮುಖ ಕೆಂಡವಾಯಿತು. ನನ್ನ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆದರೆ ಸಾಹೇಬರು ಹುಕ್ಕಾ ಕೆಳಗಿಟ್ಟು ನನ್ನನ್ನೇ ನೋಡಿದರು. ಯಾಕೆ ಎಂದರು. ಹಲಗೆ, ಲೇವಿ, ಆಚೆ ದಂಡೆಯ ಹೊಗೆ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನಿನಗೇನು ಬೇಕು ಎಂದರು. ಹಲಗೆ ಬೇಡ, ಗಿರ್ದಾವರ ಸಾಹೇಬರು ಬೇಡ, ನಾಳೆಯ ಒಂದು ಹಗಲು ನನಗೆ ಕೊಡಿ ಎಂದೆ.

“ಹುಜೂರ್, ಇವನ ಅಕ್ಕನ ಮನೆ ಅದೇ ಊರಲ್ಲಿದೆ” ಎಂದು ಗಿರ್ದಾವರ ಉರ್ದುವಿನಲ್ಲಿ ಚುಚ್ಚಿದ.

“ಹಾಗಾದರೆ ಇವನೇ ಹೋಗಬೇಕು” ಎಂದರು ಸಾಹೇಬರು. ಅವರ ಬಾಯಿಂದ ಅಷ್ಟು ಗಿಡ್ಡ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು.

ಸರಕಾರದ ಮಂದಿ ಹೋದರೆಂದು ಗೊತ್ತಾಗಿ ಜನ ಊರಿಗೆ ಮರಳಿದ್ದರು. ಮರುದಿನ ಬೆಳಿಗ್ಗೆ ಪೆಟ್ಟಿಗೆ ಇಲ್ಲದೆ, ಕೋಟು ಇಲ್ಲದೆ, ಧೋತರ ಉಟ್ಟು ಅಕ್ಕನ ಮನೆಗೆ ಹೋದೆ. ಅಕ್ಕ, ಕೂಸುಗಳು, ಎಲ್ಲರೂ ಗಟ್ಟಿಮುಟ್ಟಾಗಿದ್ದರು. ನನ್ನ ಅರ್ಧ ಜೀವ ಮರಳಿ ಬಂತು. ಈರಮ್ಮತ್ತೆ ನನ್ನ ಮುಖ ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದಳು.

“ಹಿಂದ ಯಾರದಾರ?”

“ಯಾರೂ ಇಲ್ಲತ್ತಿ. ನಾ ಒಬ್ಬನ ಬಂದೀನಿ.”

ಕುಳಿತು ನೀರು ಕುಡಿದು ಮಾತು ಶುರು ಮಾಡಿದೆ. ಕಾಲರಾ ಹೇಗೆ ಹುಟ್ಟುತ್ತದೆ, ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ, ಸರಕಾರ ಕೃಪೆ ಮಾಡಿ ಸೂಜಿ ಕಳಿಸಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹುಕುಂ ಓದಬ್ಯಾಡೋ ಹುಸೇನಿ. ಮನಿಗೆ ಬಂದೀದಿ, ಮನಿಯಾವನಂಗ ಮಾತಾಡು.”

ಸರಿ, ಕೇಳಿದೆ. “ಆಚಿ ದಂಡ್ಯಾಗ ಹೆಣ ಎಷ್ಟು ಬಿದ್ದಾವ, ಗೊತ್ತದೇನತ್ತಿ?”

“ಗೊತ್ತಿಲ್ಲೇನು? ಸುಡಾಕ ಕಟಗಿ ಸಾಲಲ್ಲಂತ, ಈ ದಂಡಿಯಿಂದ ಒಯ್ಯಾಕ ನಮ್ಮ ಹರಗೋಲು ಕೇಳಾಕತ್ತಾರ. ನನ್ನ ಗಂಡನ್ನ ಇದ ಬ್ಯಾನಿಗೆ ಕೊಟ್ಟೀನಿ. ಹೊತ್ತೇರೂದಕ್ಕ ಹರಗೋಲು ಹಾಕಿದಾಂವ, ಹೊತ್ತಿಳಿಯೂದರಾಗ ಹೋದ.”

“ಗೊತ್ತಿದ್ದೂ ಕೂಸು ಕಟಗೊಂಡು ಅಲ್ಲಿಗೇ ಹೋಗ್ತೀರಲ್ಲ!”

ಈರಮ್ಮ ನನ್ನ ಕಡೆ ತಿರುಗಿ ಕುಳಿತಳು. “ಬ್ಯಾನಿ ಬಂದ್ರೂ ಬಂತು, ಬಿಟ್ರೂ ಬಿಟ್ಟಿತು. ಕಾಳು ಹೋತಂದ್ರ ಈ ಕೂಸು ಸಾಯೂದು ಖರೇ. ನೀನಾಗಿದ್ರ ಎತ್ತ ಓಡತಿದ್ದಿ?”

ಇಲಾಖೆಯಲ್ಲಿ ನಾವೆಲ್ಲ ಇವರನ್ನು ತಿಳಿಗೇಡಿಗಳೆಂದು ಬೈಯುತ್ತ ಕುಳಿತಿದ್ದೆವು. ಆಕೆಗೆ ರೋಗದ ಅರಿವು ನನಗಿಂತ ಚೆನ್ನಾಗಿತ್ತು. ಆಕೆಗೆ ಗೊತ್ತಿಲ್ಲದ್ದು ಒಂದೇ, ಈ ಹಲಗೆ ಲೇವಿಯದಲ್ಲ ಎಂಬುದು. ಆ ಒಂದೇ ಮಾತನ್ನು ನಾವು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅಷ್ಟೇ, ನಾವು ಬಾಯಿಂದ ಔಷಧ ಎನ್ನುವಾಗ ನಮ್ಮ ಪಕ್ಕ ನಿಂತ ಗಿರ್ದಾವರ ಬಾಯಿ ತೆರೆಯದೆಯೇ ಲೇವಿ ಎನ್ನುತ್ತಿದ್ದ. ಜನ ಯಾರ ಮಾತು ಕೇಳಬೇಕು?

ಗಿರ್ದಾವರ ಬರುವುದಿಲ್ಲ, ಹಲಗೆ ಬಡಿಯುವುದಿಲ್ಲ, ಯಾರ ಅಂಗಳಕ್ಕೂ ಯಾರೂ ಕಾಲಿಡುವುದಿಲ್ಲ ಎಂದೆ. ಕೂಸಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಲು ಹೋದೆ. ಈರಮ್ಮ ಕೈ ಹಿಡಿದಳು.

“ಆಣಿ ಬ್ಯಾಡ. ನಾಳಿ ಯಾರ ಬರತಾರ, ಎಲ್ಲಿ ಕುಂದರತಾರ, ಏನ ಮಾಡತಾರ, ಯಾವಾಗ ಎದ್ದು ಹೋಗತಾರ, ಅದನ್ನ ಹೇಳು.”

ಹೇಳಿದೆ. ಡಾಕ್ಟರ್ ಸಾಹೇಬರು, ನಾನು, ಪೆಟ್ಟಿಗೆ ಹೊರುವವನು, ಮೂರೇ ಜನ. ಚಾವಡಿಯಲ್ಲಿ ಅಲ್ಲ, ಹೊಳೆಯ ದಂಡೆಯ ಬೇವಿನ ಮರದ ಕೆಳಗೆ ಕೂರುತ್ತೇವೆ. ತೋಳಿಗೆ ಸೂಜಿ. ಸಂಜೆಗೆ ತೋಳು ಬಿಗಿಯುತ್ತದೆ, ಮೈ ಬಿಸಿಯಾಗುತ್ತದೆ, ಮರುದಿನ ಇಳಿಯುತ್ತದೆ. ಆಮೇಲೆ ಬಾವಿಗೆ ಔಷಧ. ನೀರು ಕೆಂಪಾಗುತ್ತದೆ, ಅಂಜಬಾರದು, ಮರುದಿನಕ್ಕೆ ತಿಳಿಯಾಗುತ್ತದೆ, ಬಾಯಿಗೆ ಸ್ವಲ್ಪ ಒಗರು. ಅಲ್ಲಿಯವರೆಗೆ ಕುಡಿಯಲು ನೀರು ಮೊದಲೇ ತುಂಬಿ ಕಾಸಿಡಬೇಕು. ಹೊತ್ತು ಮುಳುಗುವ ಮೊದಲು ನಾವು ಹೊರಡುತ್ತೇವೆ.

ಆಮೇಲೆ ಯಾಕೆ ಹೊಳೆಯಿತೋ ಕಾಣೆ, “ನಾ ಏನ ಹೇಳಿದೆ, ಈಗ ನೀ ನನಗ ಹೊಳ್ಳಿ ಹೇಳು ಅತ್ತಿ” ಎಂದೆ.

“ನಾನೇನು ಸಾಲಿ ಹುಡುಗೇನೋ?” ಎಂದು ನಕ್ಕಳು. ನಕ್ಕರೂ ಹೇಳಿದಳು. ಎಲ್ಲ ಹೇಳಿ, ನೀರು ತುಂಬಿಡುವುದನ್ನು ಮಾತ್ರ ಬಿಟ್ಟಳು. ಅದು ಹಾಗೇ ಬಿಟ್ಟುಹೋಗಿದ್ದರೆ ಬಾವಿಗೆ ಔಷಧ ಬಿದ್ದ ದಿನ ಇಡೀ ಊರು ಬಾಯಾರಿ ಹೊಳೆಯ ನೀರಿಗೇ ಬಾಯಿ ಹಚ್ಚುತ್ತಿತ್ತು. ಮತ್ತೆ ಹೇಳಿದೆ, ಮತ್ತೆ ಹೇಳಿಸಿದೆ. ಈ ಸಲ ಒಂದಕ್ಷರ ಬೀಳಲಿಲ್ಲ. ಮನೆಮನೆಗೆ ಹೋಗಲು ನಾನು ಎದ್ದು ನಿಂತೆ.

“ನೀ ಕುಂದರು. ನೀ ತಿರಗಿದ್ರ ಸರಕಾರ ಬಂತಂತಾರ. ನಾ ತಿರಗಿದ್ರ ಈರಮ್ಮ ಬಂದ್ಲಂತಾರ” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಮಧ್ಯಾಹ್ನ ಬಾವಿಯ ಕಟ್ಟೆಯ ಹತ್ತಿರ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಮೂರೇ ಮಂದಿ, ಬೇವಿನ ಗಿಡ, ತೋಳು ಬಿಗೀತದ, ನೀರು ಕೆಂಪಾಗತದ, ಕೊಡಾ ತುಂಬಿಡ್ರಿ. ಏನೂ ಕಳೆದಿರಲಿಲ್ಲ. ಈರಮ್ಮ ತನ್ನದೊಂದು ಸೇರಿಸಿದ್ದಳು, “ತೋಳು ನೊಂದ್ರ ಹುಸೇನಿಗೆ ಬೈರಿ, ಸರಕಾರಕ್ಕ ಬ್ಯಾಡ.” ನಾನು ಮರದ ಮರೆಯಲ್ಲಿ ನಿಂತ ಜಾಗದಲ್ಲೇ ಒಂದು ಹೆಜ್ಜೆ ಕುಣಿದೆ. ಯಾರೂ ನೋಡಲಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮರುದಿನ ಸಾಹೇಬರ ಗಾಡಿ ದಂಡೆಗೆ ಇಳಿದಾಗ ಬೇವಿನ ಮರದಿಂದ ಊರ ಅಗಸೆಬಾಗಿಲವರೆಗೆ ಸಾಲು ನಿಂತಿತ್ತು. ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು. ಏಳಲಾರದ ಆ ಮುದುಕನನ್ನೂ ಹೊರಸಿನ ಸಮೇತ ಹೊತ್ತು ತಂದಿದ್ದರು. ಸಾಹೇಬರು ಗಾಡಿಯಲ್ಲೇ ಕುಳಿತು ಸಾಲನ್ನು ತುದಿಯಿಂದ ತುದಿಗೆ ನೋಡಿದರು. ಇಷ್ಟು ಜನ ಎಲ್ಲಿದ್ದರು ಎಂದು ಕೇಳಿದರು. “ಇಲ್ಲೇ ಇದ್ದರು ಹುಜೂರ್” ಎಂದೆ. ಮೊದಲ ತೋಳು ಈರಮ್ಮನದು, ಎರಡನೆಯದು ಅಕ್ಕನದು. ಕೊನೆಯ ತೋಳು ಮುಗಿಯುವವರೆಗೆ ಸಾಲಿನಿಂದ ಒಬ್ಬರೂ ಕದಲಲಿಲ್ಲ. ಬಾವಿಯ ನೀರು ಕೆಂಪಾದಾಗ ಒಬ್ಬ ಮುದುಕಿ ಬಗ್ಗಿ ನೋಡಿ, “ಹುಸೇನಿ ಹೇಳಿದಷ್ಟ ಕೆಂಪದ, ಜಾಸ್ತಿ ಏನಿಲ್ಲ” ಎಂದು ತೀರ್ಪು ಕೊಟ್ಟಳು.

ಸಂಜೆ ಈರಮ್ಮ ಯಾರೂ ಹೇಳದೆಯೇ ಇನ್ನೊಂದು ಕೆಲಸ ಮಾಡಿದಳು. ಊರಿನ ಹರಗೋಲುಗಳನ್ನೆಲ್ಲ ದಂಡೆಗೆಳೆಸಿ, ಬ್ಯಾನಿ ಮುಗಿಯುವವರೆಗೆ ಯಾರೂ ದಾಟಬಾರದು, ಯಾರನ್ನೂ ದಾಟಿಸಬಾರದು ಎಂದುಬಿಟ್ಟಳು. ದಾಟಿಸುವ ಕೂಲಿಯೇ ಆಕೆಯ ಮನೆಯ ಅನ್ನ. “ಒಂದು ಹೊತ್ತು ಉಂಡ್ರಾತು” ಎಂದಳು.

ಸಾಹೇಬರು ಮಾನವಿಗೆ ಹೋದವರೇ ಹಲಗೆ ನಿಲ್ಲಿಸಿದರು. ಸೂಜಿ ಹಾಕುವ ತಂಡದ ಜತೆ ವಸೂಲಿಯವರು ಯಾರೂ ಇರಕೂಡದು, ಹಿಂದಿನ ದಿನ ಒಬ್ಬ ಬರಿಗೈಯಲ್ಲಿ ಹೋಗಿ ನಾಳೆ ನಡೆಯುವುದನ್ನೆಲ್ಲ ಹೇಳಬೇಕು, ಕೇಳಿದವರಿಂದ ಹೊಳ್ಳಿ ಹೇಳಿಸಬೇಕು ಎಂದು ಹುಕುಂ ಬರೆದರು. ಅದು ಅರ್ಧ ಪುಟವಿತ್ತು, ಓದಿದರೆ ಅರ್ಥವಾಗುತ್ತಿತ್ತು. ಹುಡುಗರೇ, ನಿಮಗೆ ಹೇಳಲು ನನ್ನ ಬಳಿ ಇರುವ ವಿದ್ಯೆಯೂ ಆ ಅರ್ಧ ಪುಟವೇ. ಹೇಳಿದೆ ಎಂದು ಎದ್ದು ಬರಬೇಡಿ, ಕೇಳಿದವರ ಬಾಯಿಂದ ಅದು ಹೊರಗೆ ಬರುವವರೆಗೆ ಕುಳಿತಿರಿ.

ನನ್ನನ್ನು ಅಲ್ಲಿಂದ ಕವಿತಾಳಕ್ಕೆ, ಮತ್ತೆ ದೇವದುರ್ಗದ ಹಳ್ಳಿಗಳಿಗೆ ಅಟ್ಟಿದರು. ಹೋದಲ್ಲೆಲ್ಲ ಸಾಲು ನಿಂತಿತು. ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಕಾಲರಾ ಹೊಳೆ ದಾಟಿತು ಎಂಬ ಸುದ್ದಿ ಬಂತು. ದಂಡೆಯ ಯಾವ ಊರು, ಎಷ್ಟು ಜನ, ಸರಿಯಾಗಿ ಹೇಳುವವರಿಲ್ಲ. ರಜೆ ಸಿಗಲಿಲ್ಲ. ಕೆಲಸ ಮುಗಿಸಿ ಮಾನವಿಗೆ ಬಂದಿಳಿದರೆ ಬಸ್ಸಿನ ಹತ್ತಿರ ಒಬ್ಬ, “ಚೀಕಲಪರ್ವಿ ಅರ್ಧಾ ಊರು ಹೋತಂತ” ಎಂದ. ಇನ್ನೊಬ್ಬ, “ದಂಡಿ ಮ್ಯಾಲಿನ ಮನಿ ಒಂದೂ ಉಳದಿಲ್ಲಂತ” ಎಂದ. ಯಾರು ನೋಡಿದರು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಹೆಸರು ಹೇಳಿದರು.

ಒಂದು ಗಾಡಿ ಹಿಡಿದು ಹೊರಟೆ. ಅಷ್ಟು ಉದ್ದದ ದಾರಿ ನಾನು ಜನ್ಮದಲ್ಲಿ ಕಂಡಿಲ್ಲ. ಸೂಜಿ ಹಾಕಿದವರೂ ಸಾಯಬಹುದು ಎಂದು ನನಗೆ ಗೊತ್ತಿತ್ತು. ಆಚೆ ದಂಡೆಗೆ ಅವರನ್ನು ಎರಡು ಸಲ ಓಡಿಸಿದವರು ನಾವೇ ಎಂಬುದೂ ಗೊತ್ತಿತ್ತು. ಅಕ್ಕನ ಕೂಸುಗಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಊರಿನಲ್ಲಿ ನಮ್ಮವ್ವನ ಮುಂದೆ ಹೋಗಿ ಏನು ಹೇಳಲಿ ಎಂದು ಯೋಚಿಸಿದೆ.

ಗಾಡಿ ದಂಡೆಯ ತಿರುವಿಗೆ ಬಂತು. ದೂರದಲ್ಲಿ, ಬೋರಲು ಹಾಕಿದ ಹರಗೋಲುಗಳ ನಡುವೆ ಒಬ್ಬಳು ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಈರಮ್ಮ. ನನ್ನ ಗುರುತು ಹತ್ತಿದ್ದೇ ಆಕೆ ಗಾಡಿ ಬರುವವರೆಗೆ ಕಾಯಲಿಲ್ಲ. ಬಾ ಎನ್ನಲಿಲ್ಲ, ಹೇಗಿದ್ದೀ ಎನ್ನಲಿಲ್ಲ. ಹೊಳೆಯ ಆಚೆ ದಂಡೆಗೂ ಕೇಳುವ ಆ ಗಂಟಲಿನಲ್ಲಿ ಕೂಗಿದಳು.

“ಎಲ್ಲಾರೂ ಅದೀವೋ ಹುಸೇನಿ! ಎಲ್ಲಾರೂ ಅದೀವಿ!”

ಗಾಡಿಯವನು ಎತ್ತು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದ. ನಾನು ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದೆ, ಅಳುತ್ತಲೇ ನಗುತ್ತಿದ್ದೆ.